ಇಸ್ತ್ರಿ ಮೇಜಿನ ಗಡಂಗು

ನಮ್ಮ ಮನೆಯೊಳಗೆ ಒಂದು ಗಡಂಗು ಇತ್ತು ಎಂದರೆ ನನ್ನ ಮಕ್ಕಳು ನಂಬುವುದಿಲ್ಲ. ಊರ ಕಡೆ ಕಳ್ಳು, ಸಾರಾಯಿ ಕುಡಿಯಲು ಕೂರುವ ಅಂಗಡಿಗೆ ಗಡಂಗು ಎನ್ನುತ್ತಾರೆ. ನಮ್ಮದು ಇದ್ದದ್ದು ಊರಿನಲ್ಲೂ ಅಲ್ಲ, ಕುವೈತಿನಲ್ಲಿ. ಹವಲ್ಲಿಯ ಹಳೇ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿ. ಒಂದು ತೊಟ್ಟು ಹೆಂಡವೂ ಮಾರುವಂತಿಲ್ಲದ, ಇಟ್ಟುಕೊಂಡು ಸಿಕ್ಕಿಬಿದ್ದರೆ ಮೊದಲು ಜೈಲು, ಆಮೇಲೆ ವಿಮಾನ ಎನ್ನುವ ದೇಶದಲ್ಲಿ. ಆ ಗಡಂಗನ್ನು ತೆರೆದವಳು ನನ್ನ ಅಮ್ಮ. ಕುಡಿತವನ್ನು ಅಮ್ಮನಷ್ಟು ದ್ವೇಷಿಸಿದ ಇನ್ನೊಬ್ಬರನ್ನು ನಾನು ಈ ವಯಸ್ಸಿನವರೆಗೆ ನೋಡಿಲ್ಲ. ಅವಳ ಅಪ್ಪನನ್ನು ಕುಡಿತವೇ ತಿಂದುಹಾಕಿತ್ತು. ಮದುವೆಯ ಮಾತುಕತೆಗೆ ಬಂದಿದ್ದ ನನ್ನ ಅಪ್ಪನನ್ನು ಅವಳು ಕೇಳಿದ ಒಂದೇ ಪ್ರಶ್ನೆ ಕುಡಿಯುತ್ತೀರಾ ಎಂಬುದಂತೆ. ಅಪ್ಪ ಇಲ್ಲ ಎಂದನಂತೆ. ಸುಳ್ಳಲ್ಲ, ಆದರೆ ಅವತ್ತಿನವರೆಗೆ ಅದು ಪೂರ್ತಿ ನಿಜವೂ ಆಗಿರಲಿಲ್ಲ ಎಂದು ಅಪ್ಪ ನನಗೆ ಮಾತ್ರ ಹೇಳಿದ್ದ.

ಮನೆ ಎಂದರೆ ಒಂದು ಹಾಲ್, ಒಂದು ಬೆಡ್‌ರೂಮ್, ಇಬ್ಬರು ನಿಂತರೆ ಮೂರನೆಯವರು ಹೊರಗೆ ಬರಬೇಕಾದಂಥ ಅಡುಗೆಮನೆ. ಬಾತ್‌ರೂಮಿನಲ್ಲಿ ಯಾರೂ ಮಲಗಿ ಸ್ನಾನ ಮಾಡದ ಒಂದು ಉದ್ದ ಟಬ್ಬು. ಬೇಸಗೆಯಲ್ಲಿ ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿಯಿಂದ ಕುದಿಯುವ ನೀರೇ ಬರುತ್ತಿತ್ತು. ಅಮ್ಮ ಬೆಳಿಗ್ಗೆಯೇ ಆ ಟಬ್ಬು ತುಂಬಿಸಿಟ್ಟು, ಸಂಜೆಗೆ ಅದು ಸ್ವಲ್ಪ ತಣಿದ ಮೇಲೆ ನಮ್ಮನ್ನು ಸ್ನಾನಕ್ಕೆ ಅಟ್ಟುತ್ತಿದ್ದಳು. ಬಾಲ್ಕನಿಗೆ ಗಾಜು ಹಾಕಿಸಿ ಒಂದು ಮಂಚ ಹಿಡಿಸುವಷ್ಟು ಕೋಣೆ ಮಾಡಿದ್ದರು. ಮನೆಮಾತು ತುಳು. ಇಲ್ಲಿ ನಾನು ಬರೆಯುವ ಮಾತೆಲ್ಲ ತುಳುವಿನಲ್ಲಿ ಆಡಿದ್ದೇ. ನಾನೊಬ್ಬಳು ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೈಸಿಕೊಳ್ಳುತ್ತಿದ್ದೆ. ಆ ಗಾಜಿನ ಬಾಲ್ಕನಿಗೆ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಜಯ ಮಾವ ಬಂದ.

ಜಯ ಮಾವ ಅಮ್ಮನ ಒಬ್ಬನೇ ತಮ್ಮ. ಒಳ್ಳೇ ಕೈಕೆಲಸದವನು, ಏಸಿ ರಿಪೇರಿಯಲ್ಲಿ ಎತ್ತಿದ ಕೈ, ಮಾತಿಗೆ ಕೂತರೆ ಗೋಡೆಯನ್ನೂ ನಗಿಸುವವನು. ಊರಿನಲ್ಲಿ ಸಂಜೆಯಾದರೆ ಮಾತ್ರ ಮನುಷ್ಯನೇ ಬೇರೆ. ನನ್ನ ಅಜ್ಜನ ದಾರಿ ಹಿಡಿಯುತ್ತಾನೆ ಎಂದು ಅಮ್ಮ ಹೆದರಿ, ನನ್ನ ಅಪ್ಪನ ಜೀವ ತಿಂದಿದ್ದಳು. ಅಪ್ಪ ತನ್ನ ಕಫೀಲನ, ಅಂದರೆ ವೀಸಾ ಕೊಡುವ ಅರಬಿ ಧಣಿಯ, ಕಾಲಿಗೆ ಬೀಳುವುದೊಂದು ಬಾಕಿ ಎಂಬಂತೆ ಬೇಡಿ ವೀಸಾ ಮಾಡಿಸಿದ್ದ. ಕುವೈತಿಗೆ ಬಂದರೆ ಕುಡಿಯಲು ಸಿಗುವುದಿಲ್ಲ, ಸಿಗದಿದ್ದರೆ ಬಿಟ್ಟೇ ಬಿಡುತ್ತಾನೆ ಎಂಬುದು ಅಮ್ಮನ ಲೆಕ್ಕಾಚಾರ. ಪಾಪ, ಅವಳಿಗೇನು ಗೊತ್ತು. ಕುಡಿಯುವವನಿಗೆ ಕುಡಿಯುವವರ ವಾಸನೆ ಸಮುದ್ರ ದಾಟಿದರೂ ಹತ್ತುತ್ತದೆ. ಯಾವುದೋ ಬ್ಯಾಚುಲರ್ ರೂಮಿನಲ್ಲಿ ಸಕ್ಕರೆ ಮತ್ತು ಈಸ್ಟ್ ಹಾಕಿ ಏನೋ ಕೊಳೆಸುತ್ತಿದ್ದವರನ್ನು ಮಾವ ಕೆಲವೇ ತಿಂಗಳಲ್ಲಿ ಹುಡುಕಿಕೊಂಡ. ಒಂದು ಶುಕ್ರವಾರ ಮಧ್ಯಾಹ್ನ ಮನೆಗೆ ಬಂದವನು ಚಪ್ಪಲಿ ಬಿಡಲು ಗೋಡೆ ಹಿಡಿದುಕೊಂಡ. ಅಮ್ಮ ಅವನ ಮುಖದ ಹತ್ತಿರ ಹೋಗಿ ಮೂಸಿದಳು. ಅನ್ನ ಬಡಿಸಿದಳು, ಬಾಲ್ಕನಿಯಲ್ಲಿ ಮಲಗಿಸಿದಳು, ಆಮೇಲೆ ಬಾತ್‌ರೂಮಿನ ಚಿಲಕ ಹಾಕಿಕೊಂಡು ನಲ್ಲಿ ಬಿಟ್ಟು ಅತ್ತಳು. ಒಮ್ಮೆ ಅಂಥ ರೂಮಿಗೆ ಪೊಲೀಸರು ನುಗ್ಗಿದರೆ ಮಾವನ ವಾಸದ ಪರವಾನಗಿ, ಇಕಾಮಾ, ಖಲಾಸ್, ಅವನನ್ನು ಕರೆಸಿದ ಅಪ್ಪನ ಹೆಸರೂ ಖಲಾಸ್. ಅದಕ್ಕಿಂತ ಹೆಚ್ಚಾಗಿ, ಊರಿಗೆ ವಾಪಸು ಹೋದರೆ ಮಾವ ಉಳಿಯುವುದಿಲ್ಲ ಎಂದು ಅಮ್ಮನಿಗೆ ಖಾತ್ರಿಯಿತ್ತು.

ಆ ವಾರವಿಡೀ ಅವಳು ಯೋಚನೆ ಮಾಡಿದ್ದಿರಬೇಕು. ಗುರುವಾರ ಅಪ್ಪ ಕೆಲಸದಿಂದ ಬರುವಾಗ ಬಕಾಲಾ ಎಂಬ ಇಲ್ಲಿನ ಕಿರಾಣಿ ಅಂಗಡಿಯಿಂದ ಆ ಕಂದು ಬಾಟಲಿಯ ಮಾಲ್ಟ್ ಪಾನೀಯ ಒಂದು ಪೆಟ್ಟಿಗೆ ತರಬೇಕೆಂದು ಹೇಳಿದಳು. ನೋಡಲು ಬಿಯರು, ನೊರೆಯೂ ಬರುತ್ತದೆ, ಒಳಗೆ ಅಮಲು ಮಾತ್ರ ಇಲ್ಲ, ಇಲ್ಲಿನ ಅಂಗಡಿಗಳಲ್ಲಿ ಹಾಲಿನ ಪಕ್ಕದಲ್ಲೇ ಇಟ್ಟು ಮಾರುತ್ತಾರೆ. ನಿನಗೇನು ಹುಚ್ಚಾ ಎಂದು ಅಪ್ಪ ಕೇಳಿದ. ಅಮ್ಮ ಕೊಟ್ಟ ಉತ್ತರ ನನಗೆ ಇವತ್ತಿಗೂ ನೆನಪಿದೆ.

"ಅವನಿಗೆ ಬೇಕಾದ್ದು ಕುಡಿಯುವುದೊಂದೇ ಅಲ್ಲ. ಕೂತ್ಕೊಳ್ಳಲಿಕ್ಕೆ ಒಂದು ಜಾಗ ಬೇಕು, ಪಕ್ಕದಲ್ಲಿ ನಾಲ್ಕು ಜನ ಬೇಕು, ಬಾಯಿಗೆ ಖಾರ ಬೇಕು. ಅಷ್ಟನ್ನು ನಾನು ಕೊಡ್ತೇನೆ. ಉಳಿದದ್ದು ಅವನು ಬಿಡಲಿ."

ಹಾಗೆ ಶುರುವಾಯಿತು. ಅಪ್ಪ ಮೊದಮೊದಲು ಗೊಣಗಿದರೂ ಎರಡನೇ ವಾರಕ್ಕೆ ಅವನದೇ ದರ್ಬಾರು. ಇಸ್ತ್ರಿ ಮೇಜನ್ನು ಹಾಲಿಗೆ ಎಳೆದು ತಂದು, ಮೇಲೆ ಹೂವಿನ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಹಿಂದೆ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಲ್ಲುತ್ತಿದ್ದ. ಮೇಜಿನ ಒಂದು ಕಾಲು ಸಡಿಲ, ಜಾಸ್ತಿ ಒರಗಿದರೆ ಕುಸಿಯುತ್ತದೆ ಎಂದು ಬಂದವರಿಗೆಲ್ಲ ಎಚ್ಚರಿಕೆ. ಸ್ಟೀಲ್ ಲೋಟಕ್ಕೆ ಶುಂಠಿ ರಸ, ಲಿಂಬೆ, ಚಿಟಿಕೆ ಉಪ್ಪು, ಜಜ್ಜಿದ ಹಸಿಮೆಣಸು, ಮೇಲಿಂದ ಆ ಮಾಲ್ಟು. ಒಳಗೆ ಅಮ್ಮನ ಕೋರಿ ಸುಕ್ಕ, ಅಂದರೆ ಕೋಳಿಯ ಒಣ ಪಲ್ಯ, ಕಡಲೆ ಸುಕ್ಕ, ಬಂಗುಡೆ ಸಿಕ್ಕಿದ ವಾರ ಬಂಗುಡೆ. ಊರಿಂದ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಬಂದು ಅರ್ಧ ಪುಡಿಯಾದ ಒಣ ಅಕ್ಕಿ ರೊಟ್ಟಿ. ಅಪ್ಪನ ಕಂಪನಿಯವರು ಇಬ್ಬರೋ ಮೂವರೋ ಬರುತ್ತಿದ್ದರು. ನಗಬೇಡಿ, ಒಂದು ಹನಿ ಅಮಲಿಲ್ಲದ ಅದನ್ನು ಕುಡಿದು ಆ ಗಂಡಸರಿಗೆ ನಾಲಿಗೆ ತೊದಲುತ್ತಿತ್ತು. ಹಳೇ ಪ್ರೇಮಗಳು ನೆನಪಾಗುತ್ತಿದ್ದವು. ಒಬ್ಬರಿಗೊಬ್ಬರು ಭುಜ ಹಿಡಿದು ನೀನೇ ನನ್ನ ತಮ್ಮ ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಭ್ಯಾಸ ಎಂದರೆ ಅದು. ಜಯ ಮಾವ ಮಾತ್ರ ಮೊದಲ ವಾರಗಳಲ್ಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತ ಕೂತಿರುತ್ತಿದ್ದ. ಅವನ ಕೈ ನಡುಗುವುದು ಲೋಟದ ಸದ್ದಿನಲ್ಲಿ ಗೊತ್ತಾಗುತ್ತಿತ್ತು. ಅಮ್ಮ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತು ಅವನನ್ನೇ ನೋಡುತ್ತಿದ್ದಳು. ನನಗೆ ಅವಳ ಆ ನೋಟ ಹಿಡಿಸುತ್ತಿರಲಿಲ್ಲ. ಅದರಲ್ಲಿ ಪ್ರೀತಿಯೂ ಇತ್ತು, ಪೊಲೀಸೂ ಇದ್ದ.

ಈಗ ಹಮೀದಾಕನ ವಿಷಯಕ್ಕೆ ಬರಬೇಕು. ನಮ್ಮ ಕಟ್ಟಡದ ಕೆಳಗೇ ಅವರ ಮೊಬೈಲ್ ಅಂಗಡಿ. ಉಳ್ಳಾಲದ ಕಡೆಯ ಬ್ಯಾರಿಗಳು, ಅಪ್ಪನಿಗಿಂತ ಹಿರಿಯರು, ಬಿಳಿ ಗಡ್ಡ, ಸಣ್ಣ ಧ್ವನಿ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ, ಬೇಕರಿಯಿಂದ ಬಿಸಿ ಖುಬ್ಬೂಸ್ ರೊಟ್ಟಿ ಕಟ್ಟಿಸಿಕೊಂಡು ಮೇಲೆ ಬರುತ್ತಿದ್ದರು. ಮೊದಲ ಸಲ ಬಂದಾಗ ಇಸ್ತ್ರಿ ಮೇಜು, ಬಾಟಲಿ, ನೊರೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಅಮ್ಮನೇ ಹೊರಗೆ ಬಂದು, ಅವರ ಕಣ್ಣೆದುರೇ ಹೊಸ ಬಾಟಲಿ ತೆರೆದು ಸುರಿದು, ಕುಡಿದು ನೋಡಿ ಎಂದು ಕೊಟ್ಟಳು. ಅವರು ಬಿಸ್ಮಿಲ್ಲಾ ಹೇಳಿ ಒಂದು ಗುಟುಕು ಕುಡಿದು, ಎಲ್ಲರ ಮುಖ ನೋಡಿ, "ಯಲ್ಲಾ" ಎಂದರು, ಅರಬಿಯಲ್ಲಿ ಸರಿ, ಶುರುಮಾಡಿ ಎಂದ ಹಾಗೆ. ಎಲ್ಲರೂ ನಕ್ಕರು. ಅಮ್ಮ ಮಾತ್ರ ನಗಲಿಲ್ಲ, ಅದನ್ನೇ ಕಾನೂನು ಮಾಡಿದಳು. ಹಮೀದಾಕ ಕುಡಿಯಬಹುದಾದದ್ದು ಮಾತ್ರ ಈ ಮನೆಯೊಳಗೆ ಬರಬೇಕು, ಅವರು ಮೊದಲ ಗುಟುಕು ಕುಡಿದು ಯಲ್ಲಾ ಅನ್ನುವವರೆಗೆ ಯಾರೂ ಲೋಟ ಎತ್ತಬಾರದು. ಮನೆಯಲ್ಲಿ ದೇವರಿಗೆ ದೀಪ ಹಚ್ಚುವುದು ಒಂದು ದಿನ ತಪ್ಪಿದರೂ ಇದು ತಪ್ಪುತ್ತಿರಲಿಲ್ಲ. ನಮಾಜಿನಲ್ಲಿ ತಡವಾದರೆ ಲೋಟಗಳ ನೊರೆ ಇಳಿದುಹೋದರೂ ಸರಿ, ಗಂಡಸರೆಲ್ಲ ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದರು.

ಹೀಗೆ ಒಂದು ವರ್ಷ ಆಗಿರಬೇಕು. ಮಾವ ಆ ರೂಮಿನ ಕಡೆ ಹೋಗುವುದನ್ನು ಬಿಟ್ಟಿದ್ದ. ಮೈಕೈ ತುಂಬಿಕೊಂಡಿದ್ದ. ಲೋಟ ಸದ್ದು ಮಾಡುತ್ತಿರಲಿಲ್ಲ. ಅಮ್ಮ ಮಾತ್ರ ಅವನನ್ನು ನಂಬಿದಳೆಂದು ನಾನು ಹೇಳಲಾರೆ. ಅವನು ಕೆಲಸದಿಂದ ಬಂದರೆ ಆಗಲೂ ಯಾವುದೋ ನೆವ ಮಾಡಿ ಹತ್ತಿರ ಹೋಗಿ ಉಸಿರು ಎಳೆದುಕೊಳ್ಳುತ್ತಿದ್ದಳು. ಮಾವನಿಗೂ ಅದು ಗೊತ್ತಿತ್ತು. ಬಾಗಿಲು ತೆಗೆದ ಕೂಡಲೇ ತಾನಾಗಿ ಬಾಯಿ ತೆರೆದು "ಹಾ" ಎಂದು ಊದಿ ತೋರಿಸಿ ನಗುತ್ತಿದ್ದ. ಆ ನಗುವಿನ ಹಿಂದೆ ಎಷ್ಟು ನೋವಿತ್ತೆಂದು ಆಗ ನನಗೆ ತಿಳಿಯಲಿಲ್ಲ.

ಅಪ್ಪನ ಕೆಲಸ ಮೀನಾ ಅಲ್ ಅಹ್ಮದಿಯ ಎಣ್ಣೆ ಶುದ್ಧೀಕರಣ ಘಟಕದ ಕಡೆ, ಗುತ್ತಿಗೆ ಕಂಪನಿಯೊಂದರಲ್ಲಿ. ಅವನ ಮೇಲಿನ ಸಾಹೇಬರು ಟೆಡ್ ಎಂಬ ಇಂಗ್ಲಿಷಿನವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳು ದೂರ. ಕಾರಿನಲ್ಲಿ ಸೈಟಿಗೆ ಹೋಗುವಾಗೆಲ್ಲ ಅಪ್ಪನ ಹತ್ತಿರ ಅವರದು ಒಂದೇ ಕಥೆ, ಅವರ ಹಳ್ಳಿಯ ಪಬ್ಬಿನದು. ಮರದ ಪೀಪಾಯಿಯಿಂದ ಕೈಪಂಪಿನಲ್ಲಿ ಎಳೆದು ಕೊಡುವ ಏಲ್ ಎಂಬ ಬಿಯರಂತೆ, ಅದನ್ನು ಫ್ರಿಜ್ಜಿನಲ್ಲಿ ಇಟ್ಟರೆ ಪಾಪವಂತೆ, ಜೊತೆಗೆ ಹಂದಿಮಾಂಸದ ಕಡುಬಂತೆ, ಮೇಜಿನ ಕೆಳಗೆ ಯಾರದೋ ನಾಯಿ ಮಲಗಿರುತ್ತದಂತೆ, ಒಳಗೆ ಹೋದ ಕೂಡಲೇ ಹೆಸರು ಹಿಡಿದು ಕರೆಯುತ್ತಾರಂತೆ. ಕೇಳಿ ಕೇಳಿ ಅಪ್ಪನಿಗೆ ಅವರ ಮೇಲೆ ಮರುಕ ಹುಟ್ಟಿತು. ಬಾಯಿ ಸುಮ್ಮನಿರಬೇಕಲ್ಲ. ನಮ್ಮ ಮನೆಯಲ್ಲೂ ಶುಕ್ರವಾರ ಪಬ್ಬು ನಡೆಯುತ್ತದೆ ಸಾರ್, ನಾನೇ ಬಾರ್‌ಮನ್, ನನ್ನ ಹೆಂಡತಿಯ ಕೋಳಿ ಒಮ್ಮೆ ತಿಂದರೆ ನಿಮ್ಮ ಹಳ್ಳಿಯನ್ನು ಮರೆಯುತ್ತೀರಿ ಎಂದು ಕರೆದುಬಿಟ್ಟ. ಅದು ಯಾವ ತರದ ಪಬ್ಬು ಎಂದು ವಿವರಿಸುವುದು ಅವನಿಗೆ ಹೊಳೆಯಲೇ ಇಲ್ಲ. ಕುವೈತಿನಲ್ಲಿ ಇನ್ಯಾವ ತರದ್ದು ಇರಲು ಸಾಧ್ಯ?

ಆ ಶುಕ್ರವಾರ ಟೆಡ್ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಕೈಯಲ್ಲೊಂದು ಚೀಲ ಹಿಡಿದು ಬಂದರು. ಚೀಲದೊಳಗೆ ಅದೇ ಕಂದು ಬಾಟಲಿಗಳು. ಬರಿಗೈಯಲ್ಲಿ ಬರಬಾರದೆಂದು ನಮ್ಮ ಮಾಲ್ಟನ್ನೇ ಬಕಾಲಾದಿಂದ ಕೊಂಡು ತಂದಿದ್ದಾರೆ ಎಂದುಕೊಂಡು ಅಪ್ಪ ಎರಡು ಬಾಟಲಿ ಮೇಜಿನ ಮೇಲಿಟ್ಟ, ಉಳಿದದ್ದನ್ನು ಫ್ರಿಜ್ಜಿಗೆ ತುರುಕಿದ. ಸಾಹೇಬರು ಫ್ರಿಜ್ಜಿನ ಕಡೆ ನೋಡಿ ಏನೋ ಹೇಳಲು ಹೋಗಿ ಮರ್ಯಾದೆಗೆ ಸುಮ್ಮನಾದರು. ಅಷ್ಟರಲ್ಲಿ ಹಮೀದಾಕ ಬಂದರು. ಅಪ್ಪ ಇವರೇ ನಮ್ಮ ಮೊದಲ ಗಿರಾಕಿ ಎಂದು ಸಾಹೇಬರಿಗೆ ಪರಿಚಯ ಮಾಡಿಸಿ, ಅತಿಥಿ ತಂದದ್ದನ್ನೇ ಮೊದಲು ಸುರಿಯುವುದು ಮರ್ಯಾದೆ ಎಂದು ಆ ಬಾಟಲಿ ತೆರೆದ. ಶುಂಠಿ, ಲಿಂಬೆ, ಮೆಣಸು ಇದ್ದ ಲೋಟಕ್ಕೆ ಸುರಿದರೆ ನೊರೆ ಉಕ್ಕಿ ಮೇಜಿನ ಮೇಲೆಲ್ಲ ಹರಿಯಿತು. ಇವತ್ತಿನ ನೊರೆ ನೋಡಿ ಎಂದು ಅಪ್ಪನಿಗೆ ಹೆಮ್ಮೆ. ಅಡುಗೆಮನೆಯಿಂದ ಕೋರಿ ಸುಕ್ಕದ ಘಾಟು ಹಾಲಿನ ತುಂಬ ಹರಡಿತ್ತು, ಬೇರೆ ಯಾವ ವಾಸನೆಯೂ ಅಭ್ಯಾಸವಿಲ್ಲದ ಮೂಗಿಗೆ ಬರುವಂತಿರಲಿಲ್ಲ. ಹಮೀದಾಕ ಲೋಟ ಎತ್ತಿಕೊಂಡರು. ಬಿಸ್ಮಿಲ್ಲಾ ಎಂದರು. ಲೋಟ ತುಟಿಯ ಹತ್ತಿರ ಹೋಯಿತು.

ಪಕ್ಕದಲ್ಲಿ ಕೂತಿದ್ದ ಜಯ ಮಾವ ಹಾರಿಬಿದ್ದು ಅದನ್ನು ಕಸಿದುಕೊಂಡ. ಅರ್ಧ ಹಮೀದಾಕನ ತೋಳಿನ ಮೇಲೆ ಚೆಲ್ಲಿತು. ಮಾವ ಏಳುವ ಭರಕ್ಕೆ ಇಸ್ತ್ರಿ ಮೇಜಿನ ಸಡಿಲ ಕಾಲು ಮಡಚಿ ಲೋಟಗಳೆಲ್ಲ ನೆಲಕ್ಕುರುಳಿದವು. ಅವನು ಯಾರ ಮುಖವನ್ನೂ ನೋಡದೆ, ಲೋಟ ಹಿಡಿದುಕೊಂಡೇ ಅಡುಗೆಮನೆಗೆ ನುಗ್ಗಿದ. ನಾನು ಅವನ ಬೆನ್ನ ಹಿಂದೆಯೇ ಹೋದೆ. ಅವನು ಸಿಂಕಿನ ಮುಂದೆ ಬಗ್ಗಿ ನಿಂತಿದ್ದ. ಲೋಟ ಮುಖದ ಹತ್ತಿರ ಇತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ಒಂದು ಉಸಿರಿನಷ್ಟಿರಬಹುದು, ನನಗೆ ಮಾತ್ರ ತುಂಬ ಉದ್ದ ಅನಿಸಿತು. ಆಮೇಲೆ ಸುರಿದುಬಿಟ್ಟ. ಅಮ್ಮ ಒಲೆಯಿಂದ ತಿರುಗಿದಾಗ ಕಂಡದ್ದು ಖಾಲಿ ಲೋಟ, ಬಗ್ಗಿದ ಬೆನ್ನು. ಮತ್ತು ಆ ವಾಸನೆ. ಆ ವಾಸನೆಯನ್ನು ಅವಳಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ.

ಅವಳು ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಸೌಟು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಮಾತಾಡಿದಳು.

"ನನ್ನ ಮನೆಯಲ್ಲೇ? ನನ್ನ ಕೈಯ ಊಟ ತಿಂದು, ಹಮೀದಾಕ ಹೊರಗೆ ಕೂತಿರುವಾಗಲೇ ಕದ್ದು ತಂದು ಕುಡಿಯುವಷ್ಟು? ಸಾಕು ಜಯ. ನಾಳೆಯೇ ಟಿಕೆಟ್ ಮಾಡಿಸ್ತೇನೆ. ಅಪ್ಪ ಸತ್ತ ಹಾಗೆ ಅಲ್ಲೇ ಹೋಗಿ ಸಾಯಿ. ನನ್ನ ಕಣ್ಣೆದುರು ಬೇಡ."

ಮಾವ ಬಾಯಿ ತೆರೆದ. ಯಾವತ್ತಿನ ಹಾಗೆ "ಹಾ" ಎಂದು ಊದಿ ತೋರಿಸುತ್ತಾನೆ ಎಂದುಕೊಂಡೆ. ಅವನು ಬಾಯಿ ಮುಚ್ಚಿಕೊಂಡ. ಲೋಟ ತೊಳೆದು ಬೋರಲು ಹಾಕಿ, ಬಾಲ್ಕನಿಗೆ ಹೋಗಿ ಮಂಚದ ಮೇಲೆ ಕೂತ. ನನಗೆ ಅಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವನು ಸುರಿದದ್ದನ್ನು ನಾನು ನೋಡಿದ್ದೆ. ಅವನು ಕುಡಿಯಲಿಲ್ಲ, ಚೆಲ್ಲಿದ ಎಂದು ಇಂಗ್ಲಿಷಿನಲ್ಲಿ, ತುಳುವಿನಲ್ಲಿ, ಅಳುತ್ತ ಹೇಳಿದೆ. ಅಮ್ಮನ ಕಿವಿಗೆ ಅದು ಹೋಗಲೇ ಇಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ ಒಲೆ ಆರಿಸಿದಳು.

ಆಗ ಹಮೀದಾಕ ಅಡುಗೆಮನೆ ಬಾಗಿಲಿಗೆ ಬಂದರು. ಅಷ್ಟು ವರ್ಷದಲ್ಲಿ ಅವರು ನಮ್ಮ ಅಡುಗೆಮನೆಯ ಹೊಸ್ತಿಲಿಗೆ ಬಂದದ್ದು ಅದೊಂದೇ ಸಲ. ತೋಯ್ದ ತೋಳನ್ನು ಮೂಗಿನ ಹತ್ತಿರ ಹಿಡಿದಿದ್ದರು.

"ಅಕ್ಕ, ಅವನನ್ನು ಬೈಬೇಡಿ. ಆ ಲೋಟ ಅವನದ್ದಲ್ಲ, ನನ್ನದು. ಇನ್ನು ಒಂದು ಬೆರಳು ಮೇಲೆ ಹೋಗಿದ್ರೆ ನನ್ನ ಬಾಯಲ್ಲಿರ್ತಿತ್ತು. ಅವನು ತೆಗ್ದದ್ದು ಕುಡಿಯಲಿಕ್ಕಲ್ಲ."

ಅಮ್ಮ ಅವರ ತೋಳನ್ನು ನೋಡಿದಳು, ಸಿಂಕನ್ನು ನೋಡಿದಳು, ನನ್ನನ್ನು ನೋಡಿದಳು. ಹಾಲಿನಲ್ಲಿ ಟೆಡ್ ಸಾಹೇಬರು ಬಿಳಿಚಿಕೊಂಡು ನಿಂತಿದ್ದರು. ನೀವು ಪಬ್ ಅಂದಿರಲ್ಲ ಎಂದು ಅಪ್ಪನನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಬ್ರೆಡ್ಡು ಮಾಡಲು ಎಂದು ತಮ್ಮ ದೇಶದಿಂದ ಮಾಲ್ಟ್ ತರಿಸಿ, ತಮ್ಮ ಮನೆಯ ಬಾತ್‌ರೂಮಿನಲ್ಲಿ ಕದ್ದುಮುಚ್ಚಿ ಮಾಡಿದ ಏಲ್ ಅದು. ತುಂಬಿಸಿಡಲು ಈ ಖಾಲಿ ಬಾಟಲಿಗಳಿಗಿಂತ ಒಳ್ಳೆಯದು ಯಾವುದಿದೆ, ಯಾರಿಗೂ ಸಂಶಯ ಬರುವುದಿಲ್ಲ. ಒಂದು ದಿನ ಯಾರ ಜೊತೆಗಾದರೂ ಕೂತು ಕುಡಿಯಬೇಕೆಂದು ಉಳಿಸಿದ್ದರಂತೆ. ವಿಷಯವೆಲ್ಲ ತಿಳಿದ ಮೇಲೆ ಅವರು ಹಮೀದಾಕನ ಮುಂದೆ ತಲೆ ತಗ್ಗಿಸಿ ನಿಂತರು. ಹಮೀದಾಕ ಪರವಾಗಿಲ್ಲ ಎಂದು ಸಾಹೇಬರ ಕೈ ಹಿಡಿದುಕೊಂಡರು. ಸಾಹೇಬರೇ ಫ್ರಿಜ್ಜಿನಿಂದ ಉಳಿದ ಬಾಟಲಿಗಳನ್ನು ತೆಗೆದು, ತಮ್ಮ ಕೈಯಾರೆ ಒಂದೊಂದಾಗಿ ಸಿಂಕಿಗೆ ಸುರಿದರು. ನಿಧಾನವಾಗಿ, ಕೊನೆಯ ಹನಿಯವರೆಗೆ. ಪಾಪ ಅನಿಸಿತು. ಅಮ್ಮ ಕಿಟಕಿಗಳನ್ನೆಲ್ಲ ತೆರೆದಳು, ಹಮೀದಾಕ ಅಂಗಡಿಯಿಂದ ಬಖೂರ್ ಧೂಪ ತರಿಸಿ ಹೊಗೆ ಹಾಕಿಸಿದರು. ಸಾಹೇಬರು ಹೊರಡಲು ಚೀಲ ಎತ್ತಿಕೊಂಡಾಗ ಅಮ್ಮ ಅಡ್ಡ ನಿಂತು, ಊಟ ಮಾಡದೆ ಹೋಗುವ ಹಾಗಿಲ್ಲ ಎಂದು ಅಪ್ಪನ ಮೂಲಕ ಹೇಳಿಸಿದಳು. ಆ ಮನುಷ್ಯ ಕೋರಿ ಸುಕ್ಕ ತಿಂದು ಕಣ್ಣು ಮೂಗಿನಲ್ಲಿ ನೀರು ಸುರಿಸಿದರು. ಖಾರಕ್ಕೋ ಬೇರೆಯದಕ್ಕೋ ಗೊತ್ತಿಲ್ಲ, ಎರಡು ಸಲ ಹಾಕಿಸಿಕೊಂಡರು.

ಅಮ್ಮ ಮಾವನ ತಟ್ಟೆಯನ್ನು ಬಾಲ್ಕನಿಗೆ ತಾನೇ ತೆಗೆದುಕೊಂಡು ಹೋದಳು. ಗಾಜಿನ ಬಾಗಿಲು ಎಳೆದುಕೊಂಡದ್ದರಿಂದ ನನಗೆ ಮಾತು ಕೇಳಿಸಲಿಲ್ಲ. ಅವಳು ಮಂಚದ ತುದಿಯಲ್ಲಿ ಕೂತದ್ದು, ಮಾವ ತಲೆ ಅಲ್ಲಾಡಿಸಿದ್ದು, ಅವಳು ಅವನ ತಲೆಯ ಮೇಲೆ ಕೈ ಇಟ್ಟು ಅತ್ತದ್ದು ಕಾಣಿಸಿತು. ಯಾಕೆ ಬಾಯಿ ಬಿಡಲಿಲ್ಲ ಎಂದು ಎಷ್ಟೋ ವರ್ಷಗಳ ಮೇಲೆ ಮಾವನನ್ನು ಕೇಳಿದ್ದೆ. "ಬಂದವರು ಭಾವನ ಸಾಹೇಬರಲ್ವಾ ಮಗಾ" ಎಂದ. "ಮತ್ತೆ ಹಮೀದಾಕ. ಬಾಯಿಯ ತನಕ ಹೋಗಿತ್ತು ಅಂತ ಗೊತ್ತಾದ್ರೆ ಅವರು ಮತ್ತೆ ನಮ್ಮ ಮನೆ ಮೆಟ್ಟಿಲು ಹತ್ತುತ್ತಿದ್ರಾ? ನನಗೆ ಬೈಗುಳ ಹೊಸತೇನಲ್ಲ." ಮಾವ ಆಮೇಲೆ ಜನ್ಮದಲ್ಲಿ ಕುಡಿಯಲಿಲ್ಲ ಎಂದು ಬರೆದರೆ ಸುಳ್ಳಾದೀತು. ರಜೆಗೆ ಊರಿಗೆ ಹೋದಾಗ ಬಿದ್ದದ್ದಿದೆ, ಎದ್ದದ್ದೂ ಇದೆ. ಆದರೆ ಈಗ ಕುವೈತಿನಲ್ಲೇ, ಬ್ನೇದ್ ಅಲ್ ಗಾರ್‌ನ ನನ್ನ ಮನೆಗೆ ತಲೆ ನರೆತ ಅವನು ಬಂದು ಬಾಗಿಲಲ್ಲಿ ನಿಂತಾಗ, ನಾನು ಉಸಿರು ಎಳೆದು ನೋಡುವುದಿಲ್ಲ. ಅದನ್ನು ನಾನು ಕಲಿತದ್ದು ಆ ಮುಂದಿನ ಶುಕ್ರವಾರ.

ಆ ಶುಕ್ರವಾರ ಗಡಂಗು ತೆರೆಯುತ್ತದೋ ಇಲ್ಲವೋ ಎಂದು ಕೇಳಲು ಅಪ್ಪನಿಗೂ ಧೈರ್ಯವಿರಲಿಲ್ಲ. ಅಮ್ಮನೇ ಇಸ್ತ್ರಿ ಮೇಜು ಎಳೆದು ತಂದಳು. ಸಡಿಲ ಕಾಲಿಗೆ ಬಟ್ಟೆ ಕಟ್ಟಿದಳು. ಹಮೀದಾಕ ಖುಬ್ಬೂಸ್ ಹಿಡಿದು ಯಾವತ್ತಿನ ಸಮಯಕ್ಕೇ ಬಂದರು. ಬರುತ್ತಾರೋ ಇಲ್ಲವೋ ಎಂದು ನಾನು ಎಷ್ಟು ಹೆದರಿದ್ದೆನೆಂದರೆ ಅವರ ಕೈಯಿಂದ ಪೊಟ್ಟಣ ಕಸಿದುಕೊಂಡೆ. ಅಪ್ಪ ಬಾಟಲಿ ತೆರೆದು ಮೊದಲ ಲೋಟ ತುಂಬಿಸಿ ಅವರ ಮುಂದಿಡಲು ಹೋದ. ಅಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಮೂಲೆಯಲ್ಲಿ ಕೂತಿದ್ದ ಜಯ ಮಾವನ ಮುಂದೆ ಹೋಗಿ ನಿಂತಳು.

"ಮೊದಲು ನೀನು ನೋಡು. ನೀನು ಸರಿ ಅಂದ್ರೆ ಮಾತ್ರ ಹಮೀದಾಕನಿಗೆ."

ಮಾವ ಲೋಟ ಮುಟ್ಟಲಿಲ್ಲ. ಅವನ ಮುಖ ಕೆಂಪಾಯಿತು.

"ನಾನಾ ಅಕ್ಕ?"

"ನೀನಲ್ಲದೆ ಈ ಮನೆಯಲ್ಲಿ ಇನ್ನು ಯಾರಿಗೆ ಗೊತ್ತಾಗ್ತದೆ?"

ಮಾವ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅದು ಸಣ್ಣಗೆ ಸದ್ದು ಮಾಡಿತು. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ. ಒಂದು ಗುಟುಕು ಕುಡಿದ. ಅಮ್ಮ ಅವನನ್ನು ನೋಡುತ್ತ ನಿಲ್ಲಲಿಲ್ಲ. ತಿರುಗಿ ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಸುಕ್ಕ ಕದಡತೊಡಗಿದಳು. ಅವಳು ಒಳಗಿನಿಂದಲೇ ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿ, ಮಾವ "ಯಲ್ಲಾ" ಎಂದ.